ಹಳೆಯ ಕಾರುಗಳ ತುಕ್ಕು ಮತ್ತು ಪಾಲನೆ

ಎಂಜಿನ್ ಸವೆದರೆ ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗು ಹಾಕಿಸಬಹುದು. ಗೇರ್‌ಬಾಕ್ಸ್ ಕೆಟ್ಟರೆ ಇನ್ನೊಂದು ಸಿಗುತ್ತದೆ, ವೈರಿಂಗ್ ಸುಟ್ಟರೆ ಹೊಸದಾಗಿ ಎಳೆಸಬಹುದು. ಬಾಡಿ ಕರಗಿತೆಂದರೆ ಮಾತ್ರ ಕಾರಿನ ಕಥೆ ಬೇರೆ. ಪ್ರೀಮಿಯರ್ ಪದ್ಮಿನಿಯ ತಯಾರಿಕೆ ನಿಂತದ್ದು 2001ರಲ್ಲಿ, ಮಾರುತಿ 800 ಮತ್ತು ಅಂಬಾಸಡರ್ ನಿಂತದ್ದು 2014ರಲ್ಲಿ. ಇಂದು ರಸ್ತೆಯಲ್ಲಿ ಉಳಿದಿರುವ ಈ ಕಾರುಗಳನ್ನು ಹತ್ತಿರದಿಂದ ನೋಡಿದರೆ, ಅವು ಉಳಿದದ್ದು ಗಟ್ಟಿ ಎಂಜಿನ್ನಿನ ಬಲದಿಂದ ಮಾತ್ರವಲ್ಲ, ತಳ ಒಣಗಿರುವಂತೆ ಯಾರೋ ನೋಡಿಕೊಂಡಿದ್ದಾರೆ ಎಂಬುದು ಗೊತ್ತಾಗುತ್ತದೆ. ಬಳ್ಳಾರಿಯಲ್ಲಿ ಇಪ್ಪತ್ತೈದು ವರ್ಷ ಓಡಿದ ಕಾರಿನ ತಳ ಇನ್ನೂ ಗಟ್ಟಿಯಾಗಿರಬಹುದು. ಮಲ್ಪೆಯಲ್ಲಿ ಹತ್ತು ವರ್ಷ ಕಳೆದ ಕಾರಿನ ತಳ ಸ್ಕ್ರೂಡ್ರೈವರ್ ಒತ್ತಿದರೆ ತೂತಾಗಬಹುದು. ತುಕ್ಕಿನ ಲೆಕ್ಕ ವರ್ಷಗಳಲ್ಲಿ ನಡೆಯುವುದಿಲ್ಲ, ತಗಡು ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದರಲ್ಲಿ ನಡೆಯುತ್ತದೆ.

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಇದು ಒಂದು ಬಗೆಯ ವಿದ್ಯುತ್ ಕ್ರಿಯೆ. ತಗಡಿನ ಒಂದು ಜಾಗ ಆನೋಡ್ ಆಗಿ ಕಬ್ಬಿಣವನ್ನು ಕಳೆದುಕೊಳ್ಳುತ್ತದೆ, ಪಕ್ಕದ ಇನ್ನೊಂದು ಜಾಗ ಕ್ಯಾಥೋಡ್ ಆಗಿ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ, ನಡುವಿನ ತೇವ ತಂತಿಯ ಕೆಲಸ ಮಾಡುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಹಾನಿ ಅದಕ್ಕಿಂತ ಅಗಲವಾಗಿ ಹರಡಿರುತ್ತದೆ. ಕಾರಿನ ಹೊರತಗಡಿನ ದಪ್ಪ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್ ಮಾತ್ರ. ಎರಡೂ ಬದಿಯಿಂದ ತಿನ್ನುತ್ತಾ ಬಂದರೆ ಅದು ತೂತಾಗಲು ಬಹಳ ಕಾಲ ಬೇಕಿಲ್ಲ.

ಕೆಸರು ಮೆತ್ತಿದ ಜಾಗದಲ್ಲೇ ತುಕ್ಕು ಏಕೆ ಮೊದಲು ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಕೇಂಬ್ರಿಜ್‌ನ ಯೂಲಿಕ್ ಎವಾನ್ಸ್ ಅವರ ಹನಿ ಪ್ರಯೋಗ ಉತ್ತರ ಕೊಟ್ಟಿತು. ಉಕ್ಕಿನ ಮೇಲೆ ಉಪ್ಪುನೀರಿನ ಒಂದು ಹನಿ ಇಟ್ಟರೆ, ಗಾಳಿ ಚೆನ್ನಾಗಿ ಸಿಗುವ ಅಂಚಿನಲ್ಲಿ ಲೋಹ ಉಳಿಯುತ್ತದೆ. ಗಾಳಿ ಕಡಿಮೆ ಸಿಗುವ ನಡುಭಾಗ ಕರಗುತ್ತದೆ. ಚಕ್ರದ ಕಮಾನಿನೊಳಗೆ, ಫೆಂಡರಿನ ಹಿಂದೆ ಕೂತ ಮಣ್ಣು ಇದೇ ಪ್ರಯೋಗವನ್ನು ತಿಂಗಳುಗಟ್ಟಲೆ ನಡೆಸುತ್ತಿರುತ್ತದೆ. ಹೊರಗೆ ಬಿಸಿಲು ಸುರಿಯುತ್ತಿದ್ದರೂ ಒಳಗಿನ ಮಣ್ಣು ಒದ್ದೆ ಗೋಣಿಯಂತೆ ತಗಡನ್ನು ತಬ್ಬಿಕೊಂಡಿರುತ್ತದೆ. ಹೊರಮೈ ಪಾಲಿಷ್ ಮಾಡಿಸಿ ಕಾರನ್ನು ಹೊಳೆಯುವಂತೆ ಇಟ್ಟುಕೊಂಡವರಿಗೂ ಒಂದು ದಿನ ತಳದಿಂದ ಆಘಾತ ಕಾದಿರುವುದು ಈ ಕಾರಣಕ್ಕೆ.

ಉಪ್ಪು ಸೇರಿದರೆ ಎಲ್ಲವೂ ಚುರುಕಾಗುತ್ತದೆ. ಕ್ಲೋರೈಡ್ ನೀರಿನ ವಿದ್ಯುತ್ ವಾಹಕತೆಯನ್ನು ಹೆಚ್ಚಿಸುತ್ತದೆ, ಲೋಹದ ಮೇಲಿನ ತೆಳು ರಕ್ಷಣಾ ಪದರವನ್ನು ಒಡೆಯುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ತೇವಾಂಶ ಶೇ 75 ದಾಟಿದರೆ ಅಡುಗೆ ಉಪ್ಪು ತಾನಾಗಿ ಕರಗಿ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟೂ ಬೇಡ. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ತೇವಾಂಶ ಸಾಮಾನ್ಯವಾಗಿ ಶೇ 80ರ ಮೇಲೆಯೇ ಇರುತ್ತದೆ. ಅಲ್ಲಿ ಶೆಡ್ಡಿನೊಳಗೆ ಮಳೆಹನಿ ತಾಗದೆ ನಿಂತ ಕಾರಿನ ತಳವೂ ಒದ್ದೆಯೇ.

ಕರಾವಳಿಯ ಕಾರುಗಳಿಗೆ ಉಪ್ಪು ಎರಡು ದಾರಿಯಲ್ಲಿ ಬರುತ್ತದೆ. ಮೊದಲನೆಯದು ಉಪ್ಪುಗಾಳಿ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿಯ ನಡುವೆ ಹಾಯುತ್ತದೆ. ಅಬ್ಬರದ ದಿನಗಳಲ್ಲಿ ಅಲೆಯ ತುಂತುರು ಗಾಜಿನ ಮೇಲೆ ಬಿಳಿಯಾಗಿ ಒಣಗುತ್ತದೆ. ಎರಡನೆಯದು ಮೀನಿನ ಲಾರಿ. ಬಂದರಿನಿಂದ ಹೊರಟ ಲಾರಿಗಳಿಂದ ಕರಗಿದ ಮಂಜುಗಡ್ಡೆಯ ಉಪ್ಪುನೀರು ದಾರಿಯುದ್ದಕ್ಕೂ ಸೋರುತ್ತದೆ. ದ್ವಿಚಕ್ರ ವಾಹನಗಳು ಜಾರಿ ಬೀಳುತ್ತವೆ ಎಂಬ ದೂರು ಎಲ್ಲರಿಗೂ ಗೊತ್ತು. ಅದೇ ನೀರು ಹಿಂದೆ ಬರುವ ಕಾರಿನ ಹೊಟ್ಟೆಗೆ ಚಿಮ್ಮುತ್ತದೆ ಎಂಬುದರ ಕಡೆ ಗಮನ ಹರಿಯುವುದು ಕಡಿಮೆ. ಇದಲ್ಲದೆ ಪಣಂಬೂರು, ಮಲ್ಪೆಯಂಥ ಕಡೆ ಮರಳಿನ ಮೇಲೆ ಕಾರು ಇಳಿಸುವ ಹುಚ್ಚು ಬೇರೆ. ಉಪ್ಪು ಮರಳು ಸಬ್‌ಫ್ರೇಮಿನ ಸಂದಿಗಳಲ್ಲಿ ಹೊಕ್ಕಿತೆಂದರೆ ಒಂದು ಸಲದ ವಾಟರ್ ಸರ್ವೀಸಿಗೆ ಹೊರಬರುವುದಿಲ್ಲ.

ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆ ದೇಶದ ಬೇರೆ ಬೇರೆ ಊರುಗಳಲ್ಲಿ ಲೋಹದ ತುಂಡುಗಳನ್ನು ಬಯಲಿಗಿಟ್ಟು ಅಳೆದು ಭಾರತದ ತುಕ್ಕಿನ ನಕ್ಷೆ ಸಿದ್ಧಪಡಿಸಿತು. ಅಂಥ ಅಳತೆಗಳು ಎಲ್ಲ ಕಡೆಯೂ ಒಂದೇ ಮಾತು ಹೇಳುತ್ತವೆ: ಸಮುದ್ರದಿಂದ ಒಳನಾಡಿಗೆ ಸರಿಯುತ್ತಾ ಹೋದಂತೆ ಗಾಳಿಯ ಉಪ್ಪು ಬೇಗ ಇಳಿಯುತ್ತದೆ, ಅದರ ಜೊತೆಗೆ ತುಕ್ಕಿನ ವೇಗವೂ. ಹಾಗೆಂದು ಘಟ್ಟದ ಮೇಲಿನವರು ನಿಶ್ಚಿಂತರಲ್ಲ. ಆಗುಂಬೆ, ಸಕಲೇಶಪುರ, ಮಡಿಕೇರಿಯ ಕಡೆ ಉಪ್ಪಿಲ್ಲ, ಆದರೆ ತಿಂಗಳುಗಟ್ಟಲೆ ಒಣಗದ ಕೆಸರಿದೆ. ಬೆಂಗಳೂರಿನಲ್ಲಿ ಉಪ್ಪೂ ಇಲ್ಲ, ಅಂಥ ಮಳೆಯೂ ಇಲ್ಲ. ಆದರೆ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರ ವರ್ತುಲ ರಸ್ತೆಯ ಸುತ್ತ ಕಾರುಗಳು ಚರಂಡಿ ಸೇರಿದ ನೆರೆನೀರಿನಲ್ಲಿ ಮುಳುಗಿ ನಿಂತವು. ಅಂಥ ಕಾರುಗಳಲ್ಲಿ ಎಂಜಿನ್ ಸರಿಯಾದ ಮೇಲೂ ಕಾರ್ಪೆಟ್ಟಿನ ಕೆಳಗಿನ ಸ್ಪಂಜು ಒದ್ದೆಯಾಗಿಯೇ ಉಳಿದರೆ ನೆಲ ಒಳಗಿನಿಂದ ಕರಗತೊಡಗುತ್ತದೆ.

ಈಗಿನ ಸಣ್ಣ ಕಾರುಗಳಿಗೆಲ್ಲ ಪ್ರತ್ಯೇಕ ಚಾಸಿ ಎಂಬುದಿಲ್ಲ. 1983ರಲ್ಲಿ ಬಂದ ಮಾರುತಿ 800 ಸಹ ಮೊನೊಕಾಕ್ ಕಾರು. ತೆಳು ತಗಡುಗಳನ್ನು ಮಡಿಸಿ, ಸಾವಿರಾರು ಸ್ಪಾಟ್ ವೆಲ್ಡ್ ಹಾಕಿ ಪೆಟ್ಟಿಗೆಗಳನ್ನಾಗಿ ಮಾಡಿ, ಆ ಪೆಟ್ಟಿಗೆಗಳೇ ಭಾರ ಹೊರುವಂತೆ ಜೋಡಿಸಲಾಗಿದೆ. ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್ ಎನ್ನುವ, ಬಾಗಿಲುಗಳ ಕೆಳಗಿನ ಉದ್ದ ಪಟ್ಟಿ ಅಂಥದ್ದೊಂದು ಟೊಳ್ಳು ಪೆಟ್ಟಿಗೆ. ಎಂಜಿನ್ನಿನ ಎರಡು ಬದಿಯ ಏಪ್ರನ್, ಸಸ್ಪೆನ್ಷನ್ನಿನ ಸ್ಟ್ರಟ್ ಮೇಲ್ತುದಿ ಕೂರುವ ಟವರ್, ಹಿಂದಿನ ಆಕ್ಸಲ್ ಹಿಡಿದಿರುವ ಕೆಳಗಿನ ರೇಲುಗಳು, ಎಲ್ಲವೂ ಇದೇ ರೀತಿಯವು. ಎರಡು ತಗಡು ಒಂದರ ಮೇಲೊಂದು ಕೂತ ಅಂಚಿನ ಸಂದಿಗೆ ಕಾರ್ಖಾನೆಯ ಬಣ್ಣವೂ ಸರಿಯಾಗಿ ತಲುಪಿರುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ನೀರು ಬಸಿಯಲೆಂದು ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ತುಂಬಿಯೋ, ಯಾರೋ ಉದಾರವಾಗಿ ಬಳಿದ ಅಂಡರ್‌ಕೋಟಿಂಗಿನಿಂದಲೋ ಮುಚ್ಚಿಹೋದರೆ ಒಳಗೆ ಸೇರಿದ ನೀರಿಗೆ ದಾರಿಯೇ ಇಲ್ಲ.

ನೀರು ಹೊರಗಿನಿಂದ ಮಾತ್ರ ಬರುವುದಿಲ್ಲ. ಏಸಿಯ ಬಸಿಯುವ ಪೈಪು ಕಟ್ಟಿಕೊಂಡರೆ ಡ್ಯಾಶ್‌ಬೋರ್ಡಿನ ಒಳಗಿನ ನೀರು ಮುಂದಿನ ಸೀಟಿನ ಕಾಲಡಿಗೆ ಇಳಿಯುತ್ತದೆ. ಹಳೆಯ ಮಾರುತಿಯ ಮುಂಗಾಜು ರಬ್ಬರ್ ಬೀಡಿಂಗಿನಲ್ಲಿ ಕೂತಿರುತ್ತದೆ. ರಬ್ಬರು ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಟ್ಟರೆ ಮಳೆನೀರು ಗಾಜಿನ ಬದಿಯ ಕಂಬದೊಳಗೆ ಇಳಿದು ನೆಲ ಸೇರುತ್ತದೆ. ವೈಪರಿನ ಕೆಳಗಿನ ಜಾಲರಿಯಲ್ಲಿ ಮಾವಿನೆಲೆ, ಹಲಸಿನೆಲೆ ಕೊಳೆತು ಕೂತರೆ ಅಲ್ಲೊಂದು ಸಣ್ಣ ಕೆರೆಯೇ ಆಗುತ್ತದೆ. ಬ್ಯಾಟರಿಯ ಆಮ್ಲ ಸೋರಿ ಅದರ ತಟ್ಟೆಯನ್ನು ತಿನ್ನುತ್ತದೆ. ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ಹಿಂದಿನ ಲೈಟಿನ ಸವೆದ ವಾಷರಿನಿಂದ ನೀರು ತುಂಬುತ್ತದೆ. ಪಂಕ್ಚರ್ ಆಗುವ ತನಕ ಅದನ್ನು ಯಾರೂ ತೆರೆದು ನೋಡಿರುವುದಿಲ್ಲ. ಕಾರ್ಪೆಟ್ ಮೇಲ್ಭಾಗ ಒಣಗಿದಂತೆ ಕಂಡರೂ ಅದರ ಕೆಳಗಿನ ಪದರ ವಾರಗಟ್ಟಲೆ ಒದ್ದೆಯಿರುತ್ತದೆ. ಕಾರಿನೊಳಗೆ ಮುಗ್ಗಲು ವಾಸನೆ ಬಂದರೆ ಸುಗಂಧದ ಡಬ್ಬಿ ತೂಗುಹಾಕುವ ಮೊದಲು ಕಾರ್ಪೆಟ್ ಎತ್ತಿ ನೋಡಬೇಕು.

ಟಿಂಕರಿಂಗ್ ಅಂಗಡಿಯಲ್ಲಿ ಒಂದು ರನ್ನಿಂಗ್ ಬೋರ್ಡ್ ಬಿಚ್ಚುವುದನ್ನು ನೋಡಿದರೆ ತುಕ್ಕು ಒಳಗಿನಿಂದ ತಿನ್ನುತ್ತದೆ ಎಂಬ ಮಾತು ಸ್ಪಷ್ಟವಾಗುತ್ತದೆ. ಹೊರಗೆ ಕಾಣುವುದು ಕಡಲೆಕಾಳಿನಷ್ಟು ಎರಡು ಗುಳ್ಳೆ. ಟಿಂಕರ್ ಸುತ್ತಿಗೆಯ ಹಿಡಿಯಿಂದ ಪಟ್ಟಿಯುದ್ದಕ್ಕೂ ತಟ್ಟುತ್ತಾ ಹೋಗುತ್ತಾನೆ. ಟಣ್ ಎನ್ನುವ ಸದ್ದು ಒಂದು ಕಡೆ ತಟಕ್ಕನೆ ಮಂದವಾಗುತ್ತದೆ. ಅಲ್ಲಿ ಉಳಿ ಇಟ್ಟು ಹೊಡೆದರೆ ಬಣ್ಣ, ಅದರ ಕೆಳಗೆ ಬೆರಳುದಪ್ಪದ ಹಳೆಯ ಪುಟ್ಟಿಯ ಪದರ, ಅದರ ಹಿಂದೆ ಹಿಂದಿನ ಮಾಲೀಕ ತುರುಕಿಸಿದ ಫೈಬರ್ ಬಲೆ ಒಂದೊಂದಾಗಿ ಕಳಚುತ್ತವೆ. ಅದರಾಚೆ ಕಬ್ಬಿಣವೇ ಇಲ್ಲ. ಕಂದು ಹೊಟ್ಟು, ಒದ್ದೆ ಕೆಂಪುಮಣ್ಣು ನೆಲಕ್ಕೆ ಸುರಿಯುತ್ತವೆ. ಕೈತುಂಬ ಬರುವ ಆ ಹೊಟ್ಟೇ ಒಂದು ಕಾಲದಲ್ಲಿ ಜಾಕ್ ಇಡುವ ಜಾಗವಾಗಿತ್ತು. ಇಂಥ ಕಾರನ್ನು ಪಂಕ್ಚರ್ ಹಾಕಲು ಎತ್ತಿದಾಗ ಜಾಕು ಕಾರಿನ ನೆಲದೊಳಕ್ಕೆ ನುಗ್ಗಿದ್ದರೆ ಆಶ್ಚರ್ಯವಿಲ್ಲ.

ಸರಿಯಾದ ರಿಪೇರಿಗೆ ಅಡ್ಡದಾರಿ ಇಲ್ಲ. ತುಕ್ಕು ಹಿಡಿದ ಭಾಗವನ್ನು ಹೊಳೆಯುವ ಉಕ್ಕು ಕಾಣುವ ತನಕ ಕತ್ತರಿಸಿ ತೆಗೆಯಬೇಕು. ಒಳಗಿನ ಪದರ ಹೋಗಿದ್ದರೆ ಮೊದಲು ಅದನ್ನು ಕಟ್ಟಿ, ಆಮೇಲೆ ಹೊರಗಿನದನ್ನು ಕೂರಿಸಬೇಕು. ಹೊಸ ತಗಡು ಮೂಲದಷ್ಟಾದರೂ ದಪ್ಪವಿರಬೇಕು. ಇಪ್ಪತ್ತು ಗೇಜಿನ ತಗಡು ಸುಮಾರು 0.9 ಮಿಲಿಮೀಟರ್ ಬರುತ್ತದೆ, ಬಹುತೇಕ ಕಡೆ ಅದು ಸಾಕು. ಹಳೆಯ ಕಾಲದ ಗ್ಯಾಸ್ ವೆಲ್ಡಿಂಗ್ ತಗಡನ್ನು ಅಗಲಕ್ಕೆ ಕಾಯಿಸಿ ಸೊಟ್ಟ ಮಾಡುತ್ತದೆ, ಹಿಂಬದಿಯ ಬಣ್ಣವನ್ನೆಲ್ಲ ಸುಡುತ್ತದೆ. ಈಗ ಹೆಚ್ಚಿನ ಅಂಗಡಿಗಳಲ್ಲಿರುವ ಸಿಓಟು ವೆಲ್ಡಿಂಗ್ ಇದಕ್ಕೆ ಎಷ್ಟೋ ಮೇಲು. ವೆಲ್ಡಿಂಗ್ ಮುಗಿದ ಮೇಲಿನ ಕೆಲಸವೇ ಮುಖ್ಯ. ಸಂದಿಗೆ ಸೀಲರ್, ಬರಿ ಲೋಹಕ್ಕೆ ಸತು ಹೆಚ್ಚಿರುವ ಅಥವಾ ಎಪಾಕ್ಸಿ ಪ್ರೈಮರ್, ಕೊನೆಗೆ ಪೆಟ್ಟಿಗೆಯ ಒಳಗೆ ಉದ್ದ ನಳಿಕೆಯಿಂದ ಮೇಣದ ಸಿಂಪರಣೆ. ಈ ಕೊನೆಯ ಹೆಜ್ಜೆ ಬಿಟ್ಟರೆ ವೆಲ್ಡಿಂಗಿನ ಹಿಂಬದಿಯ ಸುಟ್ಟ ಜಾಗದಿಂದಲೇ ಹೊಸ ತುಕ್ಕು ಶುರುವಾಗುತ್ತದೆ, ಕೆಲವು ಮಳೆಗಾಲಗಳಲ್ಲೇ ಕಾರು ಮತ್ತೆ ಅದೇ ಅಂಗಡಿಗೆ ಬರುತ್ತದೆ. ಕೆಲಸ ಮಾಡಿಸುವವರು ಬಣ್ಣದ ಹೊಳಪು ನೋಡಿ ದುಡ್ಡು ಕೊಡುವ ಬದಲು ಪುಟ್ಟಿ ಮೆತ್ತುವ ಮೊದಲೇ ಹೋಗಿ ವೆಲ್ಡಿಂಗ್ ನೋಡುವುದು ಒಳ್ಳೆಯದು.

ತುಕ್ಕಿನೊಂದಿಗಿನ ಹೋರಾಟ ಕಾರುಗಳ ಚರಿತ್ರೆಯಲ್ಲಿ ದೊಡ್ಡ ಅಧ್ಯಾಯ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ನಂತರ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದು ಹೆಚ್ಚಿತು. ಕರಾವಳಿಯ ಸಮಸ್ಯೆಯನ್ನು ಮನುಷ್ಯರೇ ಒಳನಾಡಿಗೆ ಹೊತ್ತು ತಂದಂತಾಯಿತು. ಡೆಟ್ರಾಯಿಟ್‌ನಲ್ಲಿ ಜರ್ಮನಿ ಮೂಲದ ಮೆಕ್ಯಾನಿಕ್ ಕರ್ಟ್ ಜೀಬಾರ್ಟ್ ಬಾಡಿಯಲ್ಲಿ ಸಣ್ಣ ತೂತು ಕೊರೆದು ಪೆಟ್ಟಿಗೆಗಳ ಒಳಕ್ಕೆ ರಕ್ಷಕ ದ್ರವ ಸಿಂಪಡಿಸುವ ವಿಧಾನ ರೂಪಿಸಿದರು. 1959ರಲ್ಲಿ ಅದೇ ಒಂದು ಉದ್ಯಮವಾಯಿತು. ಬ್ರಿಟನ್ನಿನಲ್ಲಿ 1980ರಲ್ಲಿ ಇಟಲಿಯ ಲಾನ್ಸಿಯಾ ಬೀಟಾ ಕಾರಿನ ಹಗರಣ ನಡೆಯಿತು. ಎಂಜಿನ್ ಹೊತ್ತ ಸಬ್‌ಫ್ರೇಮ್ ಬಾಡಿಗೆ ಸೇರುವ ಜಾಗ ಕೆಲವು ಕಾರುಗಳಲ್ಲಿ ಕರಗಿಹೋಗುತ್ತಿತ್ತು. ಕಂಪನಿ ಹಳೆಯ ಸಲೂನ್ ಕಾರುಗಳನ್ನು ಮಾಲೀಕರಿಂದ ಮರಳಿ ಕೊಂಡು ಗುಜರಿಗೆ ಹಾಕಿತು, ಆದರೆ ಹೆಸರು ಮರಳಲಿಲ್ಲ. 1994ರಲ್ಲಿ ಲಾನ್ಸಿಯಾ ಬ್ರಿಟನ್ನಿನ ಮಾರುಕಟ್ಟೆಯನ್ನೇ ಬಿಟ್ಟಿತು. ಪ್ರತ್ಯೇಕ ಚಾಸಿ ಇದ್ದ ಗಾಡಿಗಳೂ ಇದರಿಂದ ಹೊರತಲ್ಲ. ಟೊಯೊಟಾ ಟಕೋಮಾ ಪಿಕಪ್‌ಗಳ ಚೌಕಟ್ಟು ತುಕ್ಕು ಹಿಡಿದು ತೂತಾಗುತ್ತಿದ್ದ ಪ್ರಕರಣ ಅಮೆರಿಕದಲ್ಲಿ ವರ್ಷಗಟ್ಟಲೆ ನಡೆದು, 2016ರಲ್ಲಿ ಸುಮಾರು 15 ಲಕ್ಷ ವಾಹನಗಳಿಗೆ ಅನ್ವಯಿಸುವ, 340 ಕೋಟಿ ಡಾಲರ್ ವರೆಗಿನ ಒಪ್ಪಂದದಲ್ಲಿ ಮುಗಿಯಿತು.

ಈ ಪೆಟ್ಟುಗಳಿಂದ ಕಾರ್ಖಾನೆಗಳು ಕಲಿತವು. ಪೋರ್ಷೆ 1975ರಲ್ಲಿ 911ರ ಬಾಡಿಗೆ ಸತು ಲೇಪಿತ ಉಕ್ಕು ಬಳಸತೊಡಗಿತು. ಆಡಿ 1985ರಲ್ಲಿ ತನ್ನ 100 ಮಾದರಿಯ ಇಡೀ ಬಾಡಿಯನ್ನು ಸತು ಲೇಪಿತ ತಗಡಿನಲ್ಲಿ ಮಾಡಿತು. ಸತು ಕಬ್ಬಿಣಕ್ಕಿಂತ ಸುಲಭವಾಗಿ ಕರಗುವ ಲೋಹ. ಬಣ್ಣ ಗೀರಿಹೋದ ಕಡೆ ಅದು ತಾನು ಕರಗಿ ಪಕ್ಕದ ಕಬ್ಬಿಣವನ್ನು ಕಾಯುತ್ತದೆ. ಇದರ ಜೊತೆಗೆ ಬಂದ ಇನ್ನೊಂದು ಕ್ರಮ ಮುಳುಗುಲೇಪ. ತೊಳೆದು ಫಾಸ್ಫೇಟ್ ಪದರ ಕೊಟ್ಟ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ನೂರಾರು ವೋಲ್ಟ್ ವಿದ್ಯುತ್ ಹಾಯಿಸಿದಾಗ ಬಣ್ಣ ಮೂಲೆಮೂಲೆಗೂ ಹೋಗಿ ಅಂಟುತ್ತದೆ, ಆಮೇಲೆ ಒಲೆಯಲ್ಲಿ ಬೇಯುತ್ತದೆ. ಫೋರ್ಡ್ ಕಂಪನಿ 1960ರ ದಶಕದಲ್ಲಿ ಆರಂಭಿಸಿದ ಈ ಕ್ರಮದ ಸುಧಾರಿತ ರೂಪ, ಬಾಡಿಯನ್ನೇ ಕ್ಯಾಥೋಡ್ ಮಾಡುವ ಲೇಪ, 1970ರ ದಶಕದ ಕೊನೆಯಿಂದ ಜಗತ್ತಿನೆಲ್ಲೆಡೆ ಹರಡಿತು. ಕಾರಿನ ತುಕ್ಕು ನಿರೋಧದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ ಎನ್ನಬಹುದು. ಈ ಬಗೆಯ ಸತು ಲೇಪಿತ ಕಾರು ತಗಡು ಈಗ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕು ಕಾರ್ಖಾನೆಯಲ್ಲೂ ತಯಾರಾಗುತ್ತದೆ.

ಫಾಸ್ಫೇಟ್ ಪದರದ ವಿಷಯಕ್ಕೆ ಒಂದು ಹಳೆಯ ನಂಟಿದೆ. ಸುಮಾರು 1,600 ವರ್ಷಗಳಿಂದ ನಿಂತಿರುವ ದೆಹಲಿಯ ಕಬ್ಬಿಣದ ಕಂಬವನ್ನು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣಿಯಂ ಅಧ್ಯಯನ ಮಾಡಿ, ಆ ಕಬ್ಬಿಣದಲ್ಲಿ ಹೆಚ್ಚಾಗಿರುವ ರಂಜಕದಿಂದಾಗಿ ಮೇಲ್ಮೈಯಲ್ಲಿ ಫಾಸ್ಫೇಟಿನ ತೆಳು ರಕ್ಷಣಾ ಪೊರೆ ಬೆಳೆದಿದೆ ಎಂದು ತೋರಿಸಿದರು. ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಸನ್ನಿಧಿಯಲ್ಲೂ ಒಂದು ಎತ್ತರದ ಕಬ್ಬಿಣದ ಕಂಬ ಘಟ್ಟದ ಮಳೆಯಲ್ಲಿ ನೆನೆಯುತ್ತಲೇ ನಿಂತಿದೆ. ಲೋಹವಿಜ್ಞಾನಿಗಳು ಅದನ್ನೂ ಆಸಕ್ತಿಯಿಂದ ಪರಿಶೀಲಿಸಿದ್ದಾರೆ. ಆ ಕಂಬಗಳಿಗೆ ಕಾರಿನ ತಗಡಿಗಿಲ್ಲದ ಇನ್ನೊಂದು ಅನುಕೂಲವಿದೆ. ಅವು ಗಟ್ಟಿ ದಪ್ಪ, ಸುತ್ತ ಗಾಳಿಯಾಡುತ್ತದೆ, ನೀರು ನಿಲ್ಲುವ ಸಂದಿಗಳು ಕಡಿಮೆ.

ತುಕ್ಕನ್ನು ಬೇರೆಯೇ ದಾರಿಯಲ್ಲಿ ತಪ್ಪಿಸಲು ನೋಡಿದವರೂ ಕರ್ನಾಟಕದಲ್ಲಿದ್ದರು. ಬೆಂಗಳೂರಿನ ಸಿಪಾನಿ ಕಂಪನಿಯ ಮೂರು ಚಕ್ರದ ಬಾದಲ್, 1980ರ ದಶಕದ ಡಾಲ್ಫಿನ್ ಎರಡಕ್ಕೂ ಫೈಬರ್ ಗ್ಲಾಸಿನ ಬಾಡಿ. ಡಾಲ್ಫಿನ್ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿತ್ತು. ಬಾಡಿಗೆ ತುಕ್ಕಿನ ಭಯ ಇರಲಿಲ್ಲ, ಕೆಳಗಿನ ಚೌಕಟ್ಟು ಮಾತ್ರ ಉಕ್ಕಿನದೇ. ಅದೇ ಹೊತ್ತಿಗೆ ಬಂದ ಮಾರುತಿ 800ರ ಅಲೆಯ ಮುಂದೆ ಆ ಕಾರಿಗೆ ನಿಲ್ಲಲಾಗಲಿಲ್ಲ.

ಪಾಲನೆಯ ಕೆಲಸ ಸರಳ, ಖರ್ಚೂ ಕಡಿಮೆ. ಬೇಕಾದದ್ದು ವರ್ಷಕ್ಕೆರಡು ಸಲ ಮೈಬಗ್ಗಿಸಿ ನೋಡುವ ಅಭ್ಯಾಸ. ಮಳೆಗಾಲಕ್ಕೆ ಮುಂಚೆ ಬಾಗಿಲುಗಳ ಕೆಳಅಂಚಿನ, ರನ್ನಿಂಗ್ ಬೋರ್ಡಿನ ಬಸಿಯುವ ತೂತುಗಳನ್ನು ಸಣ್ಣ ಕಡ್ಡಿಯಿಂದ ಬಿಡಿಸಬೇಕು, ವೈಪರ್ ಜಾಲರಿಯ ಎಲೆ ತೆಗೆಯಬೇಕು, ಏಸಿ ಪೈಪಿನಿಂದ ನೀರು ಹೊರಗೆ ತೊಟ್ಟಿಕ್ಕುತ್ತಿದೆಯೇ ನೋಡಬೇಕು. ಮಳೆಗಾಲ ಮುಗಿದ ಮೇಲೆ ಚಕ್ರ ಬಿಚ್ಚಿ ಕಮಾನಿನೊಳಗಿನ ಮಣ್ಣು ಕೈಯಿಂದಲೇ ತೆಗೆಯುವುದು ವಾಸಿ. ಹೆಚ್ಚು ಒತ್ತಡದ ನೀರು ಮಣ್ಣನ್ನು ಸಂದಿಯೊಳಕ್ಕೆ ದೂಡುವುದೂ ಉಂಟು. ತೊಳೆದ ದಿನ ಕಾರನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿದರೆ ತಳ ಒಣಗುತ್ತದೆ, ಡ್ರಮ್ ಮತ್ತು ಡಿಸ್ಕಿನ ತೇವವೂ ಹೋಗುತ್ತದೆ. ಕರಾವಳಿಯಲ್ಲಿ ಸಿಹಿನೀರಿನ ತೊಳೆತ ಹೆಚ್ಚು ಸಲ ಬೇಕು. ಬೀಚಿಗೆ ಹೋಗಿಬಂದ ಮರುದಿನಕ್ಕೆ ಮುಂದೂಡಬಾರದು. ಗಲ್ಫಿನಲ್ಲಿ ದುಡಿಯುವವರ ಮನೆಗಳಲ್ಲಿ ವರ್ಷಕ್ಕೊಮ್ಮೆ ಹೊರಬರುವ ಕಾರುಗಳು ದಿನಾ ಓಡುವ ಕಾರಿಗಿಂತ ಬೇಗ ಹಾಳಾಗುವುದುಂಟು. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ನೆಲದ ತೇವ ಏರಿ ಅಲ್ಲೇ ಸುತ್ತುತ್ತಿರುತ್ತದೆ. ಅದಕ್ಕಿಂತ ಗಾಳಿಯಾಡುವ ಮಾಡಿನ ಕೆಳಗೆ ಹೊದಿಕೆಯಿಲ್ಲದೆ ನಿಲ್ಲಿಸುವುದು ಮೇಲು.

ತಳಕ್ಕೆ ಏನು ಬಳಿಯಬೇಕು ಎಂಬ ಬಗ್ಗೆ ಗ್ಯಾರೇಜುಗಳಲ್ಲಿ ಭಿನ್ನಮತವಿದೆ. ಹಿಂದೆ ವಾಟರ್ ಸರ್ವೀಸಿನ ಕೊನೆಗೆ ಹಳೆಯ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ತಳಕ್ಕೆ ಹೊಡೆಯುತ್ತಿದ್ದರು. ಎಣ್ಣೆ ಸಂದಿಗಳಿಗೆ ಹರಿದು ನೀರನ್ನು ದೂಡುವುದು ನಿಜ. ಆದರೆ ಸುಟ್ಟ ಆಯಿಲಿನಲ್ಲಿ ಆಮ್ಲದ ಅಂಶವಿರುತ್ತದೆ, ರಬ್ಬರ್ ಬುಷ್‌ಗಳು ಊದಿಕೊಳ್ಳುತ್ತವೆ, ಉಳಿದದ್ದು ತೊಟ್ಟಿಕ್ಕಿ ನೆಲದ ನೀರನ್ನು ಕೆಡಿಸುತ್ತದೆ. ಆಮೇಲೆ ಬಂದ ಡಾಂಬರಿನಂಥ ದಪ್ಪ ಕಪ್ಪು ಕೋಟಿಂಗ್ ಹೊಸ, ಒಣ ತಗಡಿಗೆ ಒಳ್ಳೆಯ ರಕ್ಷಣೆ. ತುಕ್ಕು ಹಿಡಿದ ಹಳೆಯ ಕಾರಿಗೆ ಅದನ್ನು ಬಳಿಯುವುದು ಕೆಟ್ಟ ಕೆಲಸ. ಅದು ಬಿರುಕು ಬಿಟ್ಟ ಕಡೆ ನೀರು ಒಳಹೊಕ್ಕು ಹೊರಬರಲಾಗದೆ ಉಳಿಯುತ್ತದೆ, ಕೋಟಿಂಗಿನ ಮರೆಯಲ್ಲಿ ತಗಡು ಮಾಯವಾಗುವುದು ಯಾರಿಗೂ ಕಾಣುವುದಿಲ್ಲ. ಹಳೆಯ ಕಾರಿಗೆ ಮೆತ್ತಗೆ ಹರಿಯುವ ಮೇಣ ಅಥವಾ ಲ್ಯಾನೊಲಿನ್ ಆಧಾರದ ಲೇಪಗಳೇ ಒಳ್ಳೆಯವು. ಅವು ಕೆಲವೇ ಮಳೆಗಾಲ ಬಾಳುತ್ತವೆ ಎಂಬುದು ದೋಷವೇನೂ ಅಲ್ಲ, ಮತ್ತೆ ಬಳಿಯಲು ಹೋದಾಗಲೆಲ್ಲ ತಳವನ್ನು ನೋಡಿದಂತಾಗುತ್ತದೆ. ಮೇಲ್ಮೈಯ ಸಣ್ಣ ತುಕ್ಕಿಗೆ ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲವಿರುವ ದ್ರವಗಳು ಸಿಗುತ್ತವೆ; ಸಡಿಲ ಹೊಟ್ಟು ಕೆರೆದ ಮೇಲೆ ಮಾತ್ರ ಅವು ಕೆಲಸ ಮಾಡುತ್ತವೆ, ತೂತನ್ನು ಮುಚ್ಚುವುದಿಲ್ಲ. ಕರಾವಳಿಯಲ್ಲಿ ದೋಣಿಗೂ ಮನೆಯ ಮರಮಟ್ಟಿಗೂ ಬಳಿಯುವ ಗೇರುಸಿಪ್ಪೆಯ ಎಣ್ಣೆಗೂ ಇಲ್ಲೊಂದು ಪಾತ್ರವಿದೆ. ಅದರಿಂದ ತೆಗೆದ ಕಾರ್ಡನಾಲ್ ಬಳಸಿ ಹಡಗುಗಳ ತುಕ್ಕು ನಿರೋಧಕ ಎಪಾಕ್ಸಿ ಬಣ್ಣಗಳ ಗಟ್ಟಿಕಾರಕಗಳನ್ನು ಮಾಡುತ್ತಾರೆ.

ಬಾಡಿಯಷ್ಟೇ ಕಾಳಜಿ ಬೇಕಾದ ಇನ್ನೊಂದು ಭಾಗ ಬ್ರೇಕ್ ಪೈಪು. ತಳದಲ್ಲಿ ಕ್ಲಿಪ್ಪು ಹಿಡಿದಿರುವ ಜಾಗಗಳಲ್ಲಿ ಉಕ್ಕಿನ ಈ ಸಣ್ಣ ಕೊಳವೆಗಳು ಹೊರಗಿನಿಂದ ಸವೆಯುತ್ತವೆ. ದಿನನಿತ್ಯದ ಮೃದು ಬ್ರೇಕಿಗೆ ತಡೆದುಕೊಂಡ ಪೈಪು ಒಮ್ಮೆ ಜೋರಾಗಿ ತುಳಿದಾಗ ಒಡೆಯಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಒಳಗಿನಿಂದಲೂ ತುಕ್ಕು ಬರುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು ಎಂಬ ಸಲಹೆ ಇದೇ ಕಾರಣಕ್ಕೆ. ಪೆಟ್ರೋಲಿನಲ್ಲಿ ಈಗ ಬೆರೆಯುವ ಎಥೆನಾಲಿಗೂ ನೀರಿನ ಒಲವು ಹೆಚ್ಚು. ತಿಂಗಳುಗಟ್ಟಲೆ ನಿಂತ ಹಳೆಯ ಕಾರಿನ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳ ಸೇರಿದರೆ ಉಕ್ಕಿನ ಟ್ಯಾಂಕು ಒಳಗಿಂದಲೇ ಹಾಳಾಗುತ್ತದೆ. ಅಂಥ ಕಾರನ್ನು ಆಗಾಗ ಓಡಿಸಿ ಹೊಸ ಪೆಟ್ರೋಲ್ ತುಂಬಿಸುವುದೇ ಕ್ಷೇಮ.

ಹಳೆಯ ಕಾರು ಕೊಳ್ಳುವವರು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡರೆ ಸಾಕು. ಪುಟ್ಟಿ ದಪ್ಪಗಿದ್ದ ಕಡೆ ಅದು ಅಂಟುವುದಿಲ್ಲ. ಸ್ಟ್ರಟ್ ಟವರ್, ಸೀಟ್ ಬೆಲ್ಟಿನ ಬೋಲ್ಟು, ಸ್ಟಿಯರಿಂಗ್ ಹಿಡಿದಿರುವ ಜಾಗಗಳ ಸುತ್ತ ನೋಡುವುದು ಅತಿ ಮುಖ್ಯ. 1960ರಲ್ಲಿ ಶುರುವಾದ ಬ್ರಿಟನ್ನಿನ ವಾಹನ ಸುರಕ್ಷತೆಯ ಎಂಒಟಿ ಪರೀಕ್ಷೆಯ ಈಗಿನ ನಿಯಮದಲ್ಲಿ ಇಂಥ ಜಾಗಗಳಿಂದ 30 ಸೆಂಟಿಮೀಟರ್ ಒಳಗೆ ಗಂಭೀರ ತುಕ್ಕಿದ್ದರೆ ಕಾರು ಫೇಲು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಕೇಂದ್ರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಆರ್‌ಟಿಒ ಮುಂದೆ ಕಾರು ನಿಂತಾಗ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಆ ಅಂಕಿಗಳನ್ನೇ ತುಕ್ಕು ತಿಂದಿದ್ದರೆ ಒಳ್ಳೆಯ ಎಂಜಿನ್ ಇದ್ದೂ ಮಾಲೀಕ ಕಾಗದಪತ್ರದ ತೊಡಕಿಗೆ ಬೀಳುತ್ತಾನೆ. ಎಂಜಿನ್ ಕೋಣೆಯ ಆ ಒಂದು ಗೇಣು ಜಾಗಕ್ಕೆ ವರ್ಷಕ್ಕೊಮ್ಮೆ ತೆಳುವಾಗಿ ಗ್ರೀಸ್ ಸವರುವುದು ಅನುಭವಿಗಳ ರೂಢಿ. ಹೊಗೆ, ಲೈಟು, ಬ್ರೇಕಿನಷ್ಟೇ ಗಂಭೀರವಾಗಿ ತಳವನ್ನೂ ಎತ್ತಿ ನೋಡುವ ಕ್ರಮ ಇಲ್ಲೂ ಗಟ್ಟಿಯಾಗಬೇಕು, ಕರಾವಳಿ ಜಿಲ್ಲೆಗಳಲ್ಲಂತೂ ಅದು ತೀರಾ ಅಗತ್ಯ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಕೀಲಿಕೈ ಕೊಟ್ಟ ಮೊದಲ ಮಾರುತಿ 800 ಸಹ ಮಾಲೀಕರು ತೀರಿಕೊಂಡ ನಂತರ ಮನೆಯ ಮುಂದೆ ನಿಂತು ತುಕ್ಕು ಹಿಡಿದಿತ್ತು. ಕಂಪನಿ ಅದನ್ನು ಪೂರ್ತಿ ದುರಸ್ತಿ ಮಾಡಿ ತನ್ನ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿದೆ. ಎಲ್ಲ ಕಾರುಗಳಿಗೂ ಅಂಥ ಭಾಗ್ಯವಿಲ್ಲ, ಆದರೆ ದಾರಿಗಳಿವೆ. ಬೋಲ್ಟಿನಲ್ಲಿ ಕೂರುವ ಫೆಂಡರ್, ಬಾನೆಟ್, ಬಾಗಿಲುಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿದರೆ ಸಿಗುತ್ತವೆ. ಅವುಗಳ ತುಕ್ಕಿಗೆ ಹೆದರಬೇಕಿಲ್ಲ. ರನ್ನಿಂಗ್ ಬೋರ್ಡ್, ನೆಲದ ತಗಡು ವೆಲ್ಡಿಂಗಿಗೆ ಒಗ್ಗುತ್ತವೆ. ಎರಡೂ ಸ್ಟ್ರಟ್ ಟವರ್, ಹಿಂದಿನ ರೇಲುಗಳು ಒಟ್ಟಿಗೆ ಹೋಗಿದ್ದರೆ ಬಾಡಿಯ ಅಳತೆಯನ್ನೇ ಜಿಗ್ ಮೇಲೆ ಮತ್ತೆ ಕಟ್ಟಬೇಕಾಗುತ್ತದೆ, ಅದರ ಖರ್ಚು ಸಾಮಾನ್ಯ ಕಾರಿನ ಬೆಲೆಯನ್ನು ದಾಟುತ್ತದೆ. ಅಂಥ ಕಾರನ್ನು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆದರೆ, ಹೊಸ ಖಾಸಗಿ ಕಾರಿನ ಮೋಟಾರು ತೆರಿಗೆಯಲ್ಲಿ ಶೇ 25ರ ವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಒಪ್ಪಿಸುವ ಮೊದಲು ಇನ್ನೂ ಚೆನ್ನಾಗಿರುವ ಬಾಗಿಲು, ಗಾಜು, ಗೇರ್‌ಬಾಕ್ಸ್‌ಗಳನ್ನು ಅದೇ ಮಾದರಿಯ ಇನ್ನೊಂದು ಕಾರಿನ ಮಾಲೀಕರಿಗೆ ದಾಟಿಸುವವರೂ ಇದ್ದಾರೆ.